ದೃಷ್ಟಿಗೆ ಕಟ್ಟಿದ ಕುಂಬಳಕಾಯಿ

ಬೆಳಿಗ್ಗೆ ಬಾಗಿಲು ತೆಗೆದರೆ, ಈ ಪರದೇಶದ ಮಿಲ್ಟನ್ ಊರಿನ ನಮ್ಮ ಹೊಸ ಮನೆಯ ಮೆಟ್ಟಿಲ ಮೇಲೆ ರಕೂನ್ ಎಂಬ ಇಲ್ಲಿಯ ಬೆಕ್ಕಿನಂಥ ದಪ್ಪನೆಯ ಕಾಡುಪ್ರಾಣಿಯೊಂದು ಕುಳಿತು ಆರಾಮಾಗಿ ತಿಂಡಿ ತಿನ್ನುತ್ತಿತ್ತು. ತಿಂಡಿ ಬೇರೇನಲ್ಲ, ಗೃಹಪ್ರವೇಶದ ದಿನ ಮನೆಗೆ ದೃಷ್ಟಿ ತಾಗದಿರಲೆಂದು ಯಜಮಾನರು ಬಾಗಿಲ ಮೇಲೆ ಕಟ್ಟಿದ್ದ ಬೂದುಗುಂಬಳ. ಚೀನೀ ಅಂಗಡಿಯಲ್ಲಿ ಅರ್ಧ ಗಂಟೆ ತಟ್ಟಿ ತಟ್ಟಿ ಆರಿಸಿದ್ದು! ಮೇಲೆ ಬರೀ ಹಗ್ಗ ನೇತಾಡುತ್ತಿತ್ತು.

ನಾನು ಪೊರಕೆ ಎತ್ತಿದೆ. ಹೇಳದೆ ಕೇಳದೆ ಬಂದ ನೆಂಟಳು ನಾನೇ ಎಂಬಂತೆ ಅದು ನನ್ನನ್ನು ನೋಡಿ, ಮತ್ತೆ ತಿನ್ನತೊಡಗಿತು.

ಹಿಂದಿನಿಂದ ಇಣುಕಿದ ಯಜಮಾನರು, "ಇರ್ಲಿ ಬಿಡ, ಮನಿ ದೃಷ್ಟಿ ಎಲ್ಲಾ ಅದರ ಹೊಟ್ಟಿಗೆ ಹೋತು" ಎಂದು ಸಮಾಧಾನಪಟ್ಟರು.

"ಅದಕ್ಕೆಲ್ಲಿ ದೃಷ್ಟಿರೀ? ಹುಟ್ಟುವಾಗನ ಕಣ್ಣ ಸುತ್ತ ಕಾಡಿಗಿ ಹಚ್ಚಿಕೊಂಡ ಬಂದದ!" ಎಂದೆ.

ಮರುವಾರ ಸೂರಿನೊಳಗಿಂದ ದಡಬಡ ಸದ್ದು. ಪ್ರಾಣಿ ಹಿಡಿಯುವವನು ಟಾರ್ಚ್ ಹಾಕಿ ನೋಡಿ, ಅದೇ ರಕೂನ್ ಅಲ್ಲಿ ನಾಲ್ಕು ಮರಿ ಹಾಕಿದೆ, ಅವು ದೊಡ್ಡವಾಗುವ ತನಕ ಮುಟ್ಟುವಂತಿಲ್ಲ ಎಂದು ಹೇಳಿ ಹೋದ. ಅಂತೂ ನಮ್ಮ ಗೃಹಪ್ರವೇಶದ ಬೆನ್ನಿಗೇ ಅದರದೂ ಆಯಿತು.

ಯಜಮಾನರು ಛಲ ಬಿಡದೆ ಇನ್ನೊಂದು ಬೂದುಗುಂಬಳ ತಂದು ಕಟ್ಟಿದರು. ದೃಷ್ಟಿಗೆ ಅಂತ ಅವರು ಹೇಳುತ್ತಾರೆ. ಬಾಣಂತಿಗೆ ಅಂತ ನನಗೆ ಗೊತ್ತು.