ಸಾಕೆ ಮನೆಯ ಬಾಗಿಲಲ್ಲಿ ಮೊಸರು

ನಿನ್ನೆ ಮಡಕೆ ಸುಡುವ ಗೂಡಿನಲ್ಲಿ, ಇನ್ನೂ ಬೆಚ್ಚಗಿದ್ದ ಬಟ್ಟಲನ್ನೇ ನಮ್ಮ ಕೈಗೆ ಕೊಟ್ಟಿದ್ದರು. ಇವತ್ತು ಜಪಾನಿನ ಅಕ್ಕಿಮದ್ಯವಾದ ಸಾಕೆ ತಯಾರಿಸುವ ಹಳೇ ಮನೆ. ಮದ್ಯಕ್ಕೆಂದೇ ಅಕ್ಕಿಗೆ ಬೂಸ್ಟು ಹಿಡಿಸುವ ಕೋಣೆ ನೋಡುವ ಆಸೆಗೆ ನಾನು ಬೆಳಿಗ್ಗೆ ಐದಕ್ಕೇ ಎದ್ದು ಕೂತಿದ್ದೆ. ಶೂ ಬಿಚ್ಚಿ, ಕೊಟ್ಟ ಟೋಪಿ ಹಾಕಿಕೊಂಡು ನಿಂತರೆ, ಮನೆ ತೋರಿಸುವ ಹುಡುಗಿ ಬಾಗಿಲಲ್ಲೇ ಇಂಗ್ಲಿಷಿನಲ್ಲಿ ಕೇಳಿದಳು: ಬೆಳಿಗ್ಗೆ ಮೊಸರು ತಿಂದಿದ್ದೀರಾ? ತಿಂದವರನ್ನು ಒಳಗೆ ಬಿಡುವುದಿಲ್ಲವಂತೆ. ಅದರ ಹುಳಿ ತಾಗಿದರೆ ಒಳಗಿನ ಬೂಸ್ಟು ಕೆಡುತ್ತದಂತೆ.

ಯಲಹಂಕದಿಂದ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು ತಂದು, ಹೋಟೆಲ್ ರೂಮಿನಲ್ಲಿ ದಿನಾ ಮೊಸರು ಮಾಡಿಕೊಳ್ಳುತ್ತಿರುವ ನಮ್ಮಂಥ ದಂಪತಿಗೆ ಈ ಪ್ರಶ್ನೆ!

ನಾನು ಧೈರ್ಯವಾಗಿ ಇಲ್ಲವೆಂದು ತಲೆಯಾಡಿಸಿದೆ.

"ಸುಳ್ಳು ಯಾಕ್ರೀ ಹೇಳ್ತೀರಾ? ಎರಡ್ ಸಲ ಹಾಕಿಸ್ಕೊಂಡ್ರಲ್ಲ!" ಎಂದಳು ಹೆಂಡತಿ ಪದ್ಮಾ. ಹುಡುಗಿಗೂ ಅದನ್ನೇ ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. "ನಮ್ಮನೇಲಿ ಉಪ್ಪಿನ್ಕಾಯಿ ಜಾಡಿಗೆ ಒದ್ದೆ ಕೈ ಹಾಕೋಕೆ ನಾನ್ ಬಿಡ್ತೀನಾ? ಇವ್ರದ್ದೂ ಹಂಗೇ ಕಣ್ರೀ."

ಟೋಪಿ ವಾಪಸ್ ಕೊಟ್ಟು ಹೊರಗಿನ ಬೆಂಚಿನ ಮೇಲೆ ಕೂತೆವು. ನಾನು ಅಳುವುದೊಂದು ಬಾಕಿ. ಅಷ್ಟರಲ್ಲಿ ಮನೆಯ ಯಜಮಾನರೇ ಹೊರಬಂದು, ಸೊಂಟ ಬಗ್ಗಿಸಿ ವಂದಿಸಿ, ಸಾಕೆಗೆಂದು ಆಗಷ್ಟೇ ಹಬೆಯಲ್ಲಿ ಬೇಯಿಸಿದ ಅನ್ನವನ್ನು ಇಬ್ಬರಿಗೂ ಕೊಟ್ಟರು. ನಿನ್ನೆ ಕಂಡಂಥದೇ ಮಣ್ಣಿನ ಬಟ್ಟಲು! ಬಿಡಿಬಿಡಿಯಾದ ಬಿಸಿ ಅನ್ನ, ಅಗಿದಷ್ಟೂ ಸಿಹಿ. ನನ್ನ ಸಿಟ್ಟೆಲ್ಲ ಬಾಯಲ್ಲೇ ಕರಗಿಹೋಯಿತು.

ಪದ್ಮಾ ಒಂದು ತುತ್ತು ಬಾಯಿಗಿಟ್ಟು, ಯಜಮಾನರು ಒಳಕ್ಕೆ ಹೋಗುವವರೆಗೂ ಕಾದು, ಕೈಚೀಲದಿಂದ ಮೊಸರಿನ ಡಬ್ಬಿ ತೆಗೆದಳು.