ಮೈಕ್‌ಸೆಟ್ ಕಾಕಾ ಸೋತ ದಿನ

ನಾಗನೂರಿನ ಮೈಕ್‌ಸೆಟ್ ಕಾಕಾ ಯಾರು ಕರೆದರೂ ಪ್ರಚಾರಕ್ಕೆ ಹೋಗುತ್ತಿದ್ದರು. ಬೆಳಿಗ್ಗೆ ಒಬ್ಬ ಅಭ್ಯರ್ಥಿಯನ್ನು ಹೊಗಳಿ, ಸಂಜೆ ಅವನ ಎದುರಾಳಿಯನ್ನೂ ಅದೇ ಹುರುಪಿನಿಂದ ಹೊಗಳುತ್ತಿದ್ದರು. ಯಾರಾದರೂ ಕೆಣಕಿದರೆ ಮೈಕಿಗೆ ಎರಡು ಸಲ ಊದಿ, "ಗಂಟಲು ಬಾಡಿಗಿಗೆ ಐತ್ರಿ, ಓಟು ಇಲ್ಲ" ಎನ್ನುತ್ತಿದ್ದರು.

ಒಮ್ಮೆ ಅವರೇ ಪಂಚಾಯಿತಿ ಚುನಾವಣೆಗೆ ನಿಂತರು. ಆದರೆ ಎದುರಾಳಿ ಅದಕ್ಕೂ ಮೊದಲೇ ಅವರ ಮೈಕನ್ನು ಬಾಡಿಗೆಗೆ ಗೊತ್ತು ಮಾಡಿದ್ದ. ಕಾಕಾ ಮಾತು ತಪ್ಪಲಿಲ್ಲ. ತಮ್ಮದೇ ರಿಕ್ಷಾದಲ್ಲಿ ಕೂತು, ತಮ್ಮದೇ ದನಿಯಲ್ಲಿ ಅವನಿಗೆ ಮತ ಕೇಳುತ್ತ ಓಣಿ ಓಣಿ ತಿರುಗಿದರು.

"ನಿಮಗ ಓಟು ಕೇಳೂದು ಯಾವಾಗ್ರಿ?" ಎಂದರು ಅವರ ಹೆಂಡತಿ, ನಮ್ಮ ಕಾಕು.

"ಅವನ ಪಾಳಿ ಮುಗೀಲಿ ತಡಿ."

ಏಳು ಮತಗಳಿಂದ ಸೋತರು, ಅಥವಾ ಒಂಬತ್ತು. ನಾನು ಈ ಕತೆ ಹೇಳಿದಾಗಲೆಲ್ಲ ಈ ಅಂತರ ಕಡಿಮೆಯಾಗುತ್ತ ಬಂದಿದೆ. ಪ್ರಜಾಪ್ರಭುತ್ವ ಸೋತವರ ನಡತೆಯ ಮೇಲೆ ನಿಂತಿರುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು, ಆದರೆ ಅದನ್ನು ನಂಬಿರಲಿಲ್ಲ.

ಗೆದ್ದವನ ಮೆರವಣಿಗೆ ಕಾಕಾನ ಮನೆ ಮುಂದೆ ಬಂದಾಗ ಅವರ ಕಡೆಯವರು ಕಲ್ಲು ಹಿಡಿದು ನಿಂತಿದ್ದರು. ಕಲ್ಲುಗಳನ್ನು ನಾನೇ ಕಂಡೆನೋ, ಆಮೇಲೆ ಕೇಳಿದೆನೋ, ಖಚಿತವಿಲ್ಲ. ಕಾಕಾ ಮೈಕ್ ಹಚ್ಚಿದ್ದು ಮಾತ್ರ ಊರಿಗೆಲ್ಲ ಕೇಳಿಸಿತು.

"ಸೋತಾಂವ ನಾ. ನನಗ ಸಿಟ್ಟಿಲ್ಲ, ನಿಮಗ್ಯಾಕ ಬಂತು? ಕಲ್ಲು ಕೆಳಗಿಟ್ಟು ಊಟಕ್ಕ ನಡೀರಿ."

ನಂತರ ಮೈಕ್ ಬಂದ್ ಮಾಡದೆಯೇ ಗೆದ್ದವನ ಕಡೆ ತಿರುಗಿದರು.

"ಒಳಗ ಬಾರಪಾ, ಚಾ ಕುಡಿ. ನಾಳಿಂದ ಈ ಓಣಿ ಗಟಾರ ನಿಂದು."