ಗಂಗೂಬಾಯಿಯ ನಿರ್ಜಲ ಏಕಾದಶಿ

ಹಿಮಾಯತ್‌ನಗರದ ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ದಿನ ಹಿಂದಿನ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ನನ್ನ ಅತ್ತೆ ಗಂಗೂಬಾಯಿ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡರೆಂದರೆ ಮುಗಿಯಿತು. ಮರುದಿನದ ಪಾರಣೆಯವರೆಗೆ ಅನ್ನವಿಲ್ಲ, ಹನಿ ನೀರಿಲ್ಲ, ಮಾತೂ ಇಲ್ಲ. ನಿರ್ಜಲ ಏಕಾದಶಿ, ಅದರ ಮೇಲೊಂದು ಮೌನ. ನಿರ್ಜಲ ಇದ್ದವರು ಒಲೆ ಮುಟ್ಟಬಾರದು, ಅವರನ್ನು ಯಾರೂ ಕೂಗಬಾರದು ಎಂಬುದು ಅವರ ತವರಿನಿಂದ ಬಂದ ಪದ್ಧತಿಯಂತೆ. ಮೂವತ್ತೊಂದು ವರ್ಷ ಅದು ತಪ್ಪಿರಲಿಲ್ಲ.

ಹೊರಗೆ ರಸ್ತೆಯ ಗದ್ದಲ ಒಂದೇ ಸಮ ಇರುತ್ತಿತ್ತು. ಸೀರೆ ಅಂಗಡಿಗೆ ಬಂದವರು, ಆಟೋಗಳು, ತೆಲುಗಿನಲ್ಲಿ ಜಗಳ, ಹಿಂದಿಯಲ್ಲಿ ಸಮಾಧಾನ. ಒಳಗೆ ಆ ಬಾಗಿಲಿನ ಸುತ್ತ ಮಾತ್ರ ಗಾಳಿಯೂ ಮೆಲ್ಲಗೆ ನಡೆಯುತ್ತಿದೆ ಅನಿಸುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಅತ್ತೆ ಹೊರಬರುತ್ತಿದ್ದರು. ತುಟಿ ಒಣಗಿರುತ್ತಿತ್ತು, ಆದರೆ ಕಣ್ಣು ಎಲ್ಲೋ ದೂರ ಹೋಗಿ ಬಂದವರ ಕಣ್ಣು. ಆ ಮುಖ ನೋಡಿದಾಗಲೆಲ್ಲ ನನಗೆ ಸಣ್ಣ ಹೊಟ್ಟೆಕಿಚ್ಚು ಆಗುತ್ತಿತ್ತು.

ನಾನು ಸಂಪದಾ, ಈ ಮನೆಯ ಸೊಸೆ. ಹೊಟ್ಟೆಪಾಡಿಗೆ ಹೆಂಗಸರಿಗೆ ಏನು ತಿನ್ನಬೇಕು, ಯಾವಾಗ ತಿನ್ನಬೇಕು ಎಂದು ಹೇಳುವವಳು. ಒಬ್ಬಳಿಗೆ ಹೊಂದಿದ ಊಟ ಇನ್ನೊಬ್ಬಳಿಗೆ ಹೊಂದುವುದಿಲ್ಲ, ಬ್ಲೌಸಿಗೆ ಅಳತೆ ಕೊಟ್ಟ ಹಾಗೆ ಊಟಕ್ಕೂ ಕೊಡಬೇಕು ಅನ್ನುವುದು ನನ್ನ ಕ್ಲಿನಿಕ್ಕಿನ ದೊಡ್ಡ ಭಾಷಣ. ಬಂದವರಿಗೆಲ್ಲ ಎರಡು ಪುಟ ಪ್ರಶ್ನೆ ಕೊಡುತ್ತೇನೆ. ತೂಕ, ಮುಟ್ಟು, ನಿದ್ದೆ, ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಉಪವಾಸ ಇದ್ದರೆ ಯಾಕೆ. ಊರಿನ ಅರ್ಧ ಹೆಂಗಸರಿಗೆ ಕೇಳಿದ್ದೇನೆ. ಮನೆಯಲ್ಲಿದ್ದವರಿಗೆ ಕೇಳಿರಲಿಲ್ಲ. ನಾಚಿಕೆಯಾಗಬೇಕು ನನಗೆ.

ಅತ್ತೆಗೆ ಸಕ್ಕರೆ ಕಾಯಿಲೆ ಶುರುವಾಗಿ ಎರಡು ವರ್ಷ. ಏಕಾದಶಿಯ ದಿನ ಗುಳಿಗೆ ನುಂಗಬೇಡಿ, ಇಲ್ಲವೇ ಉಪವಾಸ ಬಿಡಿ ಎಂದು ನಾನೇ ಹೇಳಿದ್ದೆ. "ಹೂಂ" ಅಂದಿದ್ದರು. ಆ ಹೂಂ ಎಂಥದ್ದೆಂದು ಹೋದ ತಿಂಗಳು ಗೊತ್ತಾಯಿತು. ಆವತ್ತು ಫೈಲು ಮರೆತು ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದೆ. ನನ್ನ ಮಾವ ಶ್ರೀನಿವಾಸರಾಯರು ಹಾಲ್‌ನಲ್ಲಿ ಪೇಪರ್ ಓದುತ್ತಿದ್ದರು. ಯಾಕೋ ಮನಸ್ಸು ತಡೆಯದೆ ಪದ್ಧತಿ ಮುರಿದು ಆ ಬಾಗಿಲು ತಳ್ಳಿದೆ. ಅತ್ತೆ ಚಾಪೆಯ ಮೇಲೆ ಬೆವರಿನಲ್ಲಿ ತೊಯ್ದು ಬಿದ್ದಿದ್ದರು. ಕರೆದರೆ ಓ ಅನ್ನಲಿಲ್ಲ. ಸಕ್ಕರೆ ನಲವತ್ತೆರಡಕ್ಕೆ ಇಳಿದಿತ್ತು.

ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಕೇಳಿದೆ, "ಗುಳಿಗಿ ತಗೊಂಡಿದ್ರೇನ್ರಿ ಅತ್ಯಾ?"

"ತಗೊಂಡಿದ್ದೆ. ನೀರಾಗ ಅಲ್ಲ, ತೀರ್ಥದಾಗ."

ಬೆಳಗಿನ ಪೂಜೆಯ ತೀರ್ಥ, ಮೂರು ಉದ್ಧರಣೆ. ತೀರ್ಥ ನೀರಲ್ಲ, ಹಾಗಾಗಿ ವ್ರತ ಕೆಡುವುದಿಲ್ಲ. ದಿನದ ಗುಳಿಗೆಯೂ ತಪ್ಪಲಿಲ್ಲ, ಹಾಗಾಗಿ ಡಾಕ್ಟರಿಗೂ ಸಿಟ್ಟಿಲ್ಲ. ಖಾಲಿ ಹೊಟ್ಟೆಯಲ್ಲಿ ಆ ಗುಳಿಗೆ ಏನು ಮಾಡುತ್ತದೆಂದು ಅವರಿಗೆ ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲವಲ್ಲ! ಹೊರಗಿನವರಿಗಾದರೆ ಅರ್ಧ ಗಂಟೆ ಕೂತು ಹೇಳುತ್ತೇನೆ.

ಡಾಕ್ಟರು ಉಪವಾಸವನ್ನೇ ನಿಲ್ಲಿಸಿದರು. ಮನೆಯವರಿಗೆಲ್ಲ ನೆಮ್ಮದಿ. ಮುಂದಿನ ಏಕಾದಶಿಯ ಹಿಂದಿನ ಸಂಜೆ ನನ್ನ ಗಂಡ ಆಶಿಷ್ ಉಪ್ಪಲ್‌ನ ಆಫೀಸಿನಿಂದ ಬರುವಾಗ ಸಾಬೂದಾಣಿ, ಶೇಂಗಾ, ಬಟಾಟಿ ಹೊತ್ತು ತಂದ. ಮುಖದಲ್ಲಿ ಪ್ರೀತಿಯೇ ಪ್ರೀತಿ.

"ಅಮ್ಮಾ, ಇನ್ನ ನಿರ್ಜಲ ಬಂದ್. ನಾಳೆ ನೀನೂ ನಮ್ಮ ಜೋಡಿ ಫಲಾರ ಮಾಡು. ನಿನ್ನ ಕೈಯಾಗಿನ ಖಿಚಡಿ ತಿಂದು ಎಷ್ಟ ವರ್ಷ ಆತು!"

"ವರಿ ಅನ್ನಾನೂ ಮಾಡಲಿ," ಅಂದರು ಮಾವನವರು. ಉಪವಾಸಕ್ಕೆ ನಡೆಯುವ ಸಾವೆಯಕ್ಕಿಯ ಅನ್ನ ಅದು.

ಅತ್ತೆ ಚೀಲ ತೆಗೆದುಕೊಂಡು ಒಳಗೆ ಹೋದರು. ಮರುದಿನ ಬೆಳಿಗ್ಗೆ ಹಿಂದಿನ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಅಡುಗೆಮನೆಯಿಂದ ಶೇಂಗಾ ಹುರಿದ ವಾಸನೆ. ನೀರು ಕುಡಿಯಲು ಹೋದವಳು ನೋಡಿದರೆ ಅತ್ತೆ ಒಲೆಯ ಮುಂದೆ ನಿಂತು ಅಳುತ್ತಿದ್ದಾರೆ. ಕೈ ಸಾಬೂದಾಣಿ ತಿರುವುತ್ತಲೇ ಇತ್ತು, ಕಣ್ಣೀರು ಗಲ್ಲದಿಂದ ಇಳಿದು ಸೆರಗಿಗೆ ಬೀಳುತ್ತಿತ್ತು.

ವ್ರತ ತಪ್ಪಿತೆಂದು ಅಳುತ್ತಾರೆ ಅಂದುಕೊಂಡೆ. "ದೇವರಿಗೆ ಎಲ್ಲಾ ತಿಳೀತದರಿ ಅತ್ಯಾ, ಸಿಟ್ಟಾಗೂದಿಲ್ಲ," ಅಂದೆ.

"ದೇವರ ಸುದ್ದಿ ಅಲ್ಲವ್ವಾ ಇದು."

ಗ್ಯಾಸ್ ಆರಿಸಿದೆ. ಅವರನ್ನು ಕಟ್ಟೆಯ ಪಕ್ಕದ ಸ್ಟೂಲಿನ ಮೇಲೆ ಕೂಡಿಸಿ, ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಕೇಳುವುದನ್ನು ಮೊದಲ ಸಲ ನಮ್ಮ ಮನೆಯಲ್ಲಿ ಕೇಳಿದೆ. "ಉಪವಾಸ ಯಾಕ ಮಾಡ್ತಿದ್ರಿ?"

ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಕನಸಿನಲ್ಲಿ ಮಾತಾಡುವವರ ಹಾಗೆ ಮೆಲ್ಲಗೆ ಶುರು ಮಾಡಿದರು. ಅವರು ಈ ಮನೆಗೆ ಬಂದಾಗ ಹನ್ನೊಂದು ಮಂದಿ. ಏಕಾದಶಿ ಬಂತೆಂದರೆ ಉಳಿದ ದಿನಕ್ಕಿಂತ ಜಾಸ್ತಿ ಕೆಲಸ. ಒಬ್ಬರಿಗೆ ಖಿಚಡಿ, ಒಬ್ಬರಿಗೆ ವರಿ ಅನ್ನ, ಅವರ ಮಾವನಿಗೆ ಹಲ್ಲಿಲ್ಲ, ಹಾಗಾಗಿ ಗಂಜಿ. ಎಲ್ಲರೂ ಉಪವಾಸ, ಒಲೆಗೆ ಮಾತ್ರ ಬಿಡುವಿಲ್ಲ.

"ಒಂದಿನ ನಿರ್ಜಲ ಅಂತ ಹೇಳಿದೆ. ನಿರ್ಜಲ ಇದ್ದವರು ಒಲಿ ಮುಟ್ಟಬಾರದು ಅಂತನೂ ಹೇಳಿಬಿಟ್ಟೆ. ನಮ್ಮ ತವರಾಗ ಅಂಥಾ ಪದ್ಧತಿ ಇಲ್ಲ. ಯಾ ಶಾಸ್ತ್ರದಾಗೂ ಇಲ್ಲ. ನಾನ ಮಾಡಿದ್ದು."

ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

"ಮಧ್ಯಾಹ್ನ ಆಗೂದ್ರಾಗ ಬಾಯಿ ಒಣಗತದ. ಮೈ ಹತ್ತಿ ಹಂಗ ಹಗುರ. ಮ್ಯಾಲ ಫ್ಯಾನ್ ತಿರಗತಿರತದ, ನೋಡ್ತಾ ನೋಡ್ತಾ ಅದು ಹೊಳಿ ಗಾಳಿ ಆಗತದ. ನಮ್ಮೂರ ಕೃಷ್ಣಾ ಹೊಳಿ. ನಾನು ಸಣ್ಣಾಕಿ, ಲಂಗಾ ಎತ್ತಿ ಹಿಡದು ಮೊಣಕಾಲ ತನಕ ನಿಂತಿರ್ತೀನಿ. ಮೀನು ಬಂದು ಕಾಲಿಗೆ ಮುಟ್ಟತಾವ. ಯಾರೂ ಗಂಗಾ ಅನ್ನೂದಿಲ್ಲ, ಚಹಾ ಅನ್ನೂದಿಲ್ಲ. ತಿಂಗಳಿಗೆ ಎರಡ ದಿನ, ಸಂಪದಾ. ಅಷ್ಟ ನಂದು. ಇನ್ನ ಉಣ್ಣಾಕಿ ಆದೆ ಅಂದ್ರ ಮಾಡಾಕಿನೂ ಆದೆ. ಆ ಬಾಗಲಾ ಮುಗೀತು."

ಎರಡು ವರ್ಷ ಅವರ ಸಕ್ಕರೆ ಎಷ್ಟು ಏರಿತು, ಎಷ್ಟು ಇಳಿಯಿತು ನೋಡಿದ್ದೇ ನೋಡಿದ್ದು. ಬಿಡುವಿಲ್ಲದ ಹೆಂಗಸೊಬ್ಬಳು ಬಿಡುವಿಗಾಗಿ ಹಸಿದು ಮಲಗುತ್ತಾಳೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಅವರ ಕೈ ಹಿಡಿದುಕೊಂಡೆ. "ಉಂಡೂ ಬಾಗಲಾ ಹಾಕ್ಕೊಳ್ರಿ ಅತ್ಯಾ. ಯಾರ ಬ್ಯಾಡ ಅಂತಾರ ನೋಡೂಣು."

"ಉಂಡು ಮಲಗಿದ್ರ ಮಂದಿ ಏನಂದಾರು?" ಅಂದರು. ಐವತ್ತೊಂಬತ್ತರ ಹೆಂಗಸು, ಶಾಲೆ ತಪ್ಪಿಸಿ ಸಿಕ್ಕಿಬಿದ್ದ ಹುಡುಗಿಯ ದನಿಯಲ್ಲಿ.

ಆಗ ಹೊಸ್ತಿಲ ಹತ್ತಿರ ಕೆಮ್ಮಿದ ಸದ್ದು. ಖಿಚಡಿ ಆಯಿತೇ ಎಂದು ಕೇಳಲು ಬಂದ ಮಾವನವರು ಯಾವಾಗಿನಿಂದ ಅಲ್ಲಿದ್ದರೋ. ಅತ್ತೆ ದಡಕ್ಕನೆ ಎದ್ದು ನಿಂತರು.

ಮಾವನವರು ಸಿಟ್ಟಾಗಲಿಲ್ಲ. ನಕ್ಕರು, ಅದೂ ಮೆತ್ತಗೆ. "ನನಗ ಮೊದಲ ವರ್ಷನ ಗೊತ್ತಾಗಿತ್ತು, ಗಂಗಾ. ಮಠದಾಗ ಆಚಾರ್ಯರನ್ನ ಕೇಳಿದ್ದೆ. ಅಂಥಾ ಪದ್ಧತಿ ಇಲ್ಲ ಅಂದ್ರು. ಇರಲಿ, ನಿನಗೂ ಒಂದಿನ ಆರಾಮ ಸಿಗಲಿ ಅಂತ ಸುಮ್ಮನಿದ್ದೆ. ಯಾರ ಮುಂದೂ ಬಾಯಿ ಬಿಟ್ಟಿಲ್ಲ."

ಎಂಥ ಒಳ್ಳೆಯವರು ಅಂದುಕೊಂಡೆ, ನಿಜ ಹೇಳುತ್ತೇನೆ. ಅವರಿಗೂ ತಾವು ಒಳ್ಳೆಯವರೆಂದೇ ಅನಿಸಿತ್ತು. ಹೊಗಳಿಕೆಗೆ ಕಾದವರ ಹಾಗೆ ನಿಂತಿದ್ದರು.

ಅತ್ತೆ ಅವರನ್ನು ನೋಡಿದರು. ಆ ನೋಟದಲ್ಲಿ ಕನಸೆಲ್ಲ ಹರಿದುಹೋಗಿತ್ತು.

"ಗೊತ್ತಿತ್ತೇನ್ರಿ? ಮೂವತ್ತೊಂದ ವರ್ಷ ಗೊತ್ತಿತ್ತೇನ್ರಿ?"

"ಹೂಂ."

"ಹಂಗಾದ್ರ ಒಂದ್ ದಿನರೆ, ಬಾಗಲದಾಗ ಒಂದ್ ತಂಬಿಗಿ ನೀರು ಯಾಕ ತಂದಿಡಲಿಲ್ಲರಿ?"

ಮಾವನವರು ಹೊಸ್ತಿಲು ದಾಟಿ ಒಳಗೆ ಬಂದು, ತಂಬಿಗೆ ಹುಡುಕಿ, ನೀರು ತುಂಬಿ, ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಮುಂದೆ ಚಾಚಿದರು. ಒಂದಿಷ್ಟು ನೆಲಕ್ಕೆ ಚೆಲ್ಲಿತು.

ಅತ್ತೆ ನಿಂತಲ್ಲೇ ಗಟಗಟ ಕುಡಿದು ಖಾಲಿ ತಂಬಿಗೆಯನ್ನು ಅವರ ಕೈಗೇ ಕೊಟ್ಟರು.

"ಇನ್ನೊಂದು ತರ್ರಿ," ಅಂದರು.